ವಿಚಾರಣೆಯ ಫಲಕ

ಕಾಡಿನ ವಿಶ್ವವಿದ್ಯಾಲಯದವರು ಸಂಶೋಧಕರ ನೆರವಿಗೆಂದು ಒಂದು ಕಚೇರಿ ತೆರೆದು ಮುಳ್ಳುಹಂದಿಗೆ ವಹಿಸಿದ್ದರು. ಅದು ಬಾಗಿಲಿಗೆ ‘ವಿಚಾರಣೆ’ ಎಂಬ ಫಲಕ ತೂಗುಹಾಕಿ ವರ್ಷವಿಡೀ ಕಾದರೂ ಯಾರೂ ಅತ್ತ ಸುಳಿಯಲಿಲ್ಲ.

ಕೊನೆಗೆ ಬೇಸತ್ತು ತಾನೇ ಎದ್ದು ಗೀಜಗ ಮೇಷ್ಟ್ರ ಮರಕ್ಕೆ ಹೋಯಿತು. ಬಿರುಗಾಳಿಗೂ ಬೀಳದ ಗೂಡು ಕಟ್ಟುವ ಸಂಶೋಧನೆಗೆ ಹೊರಟಿದ್ದ ಮೇಷ್ಟ್ರು ಗಟ್ಟಿ ನಾರು ಸಿಗದೆ ಸುಮ್ಮನೆ ಕೂತಿದ್ದರು. ಮರದಡಿ ಅವರ ಹಳೆಯ ಗೂಡು ಗಾಳಿಗೆ ಬಿದ್ದು ಮೊಟ್ಟೆಗಳು ಒಡೆದಿದ್ದವು.

“ನನ್ನಲ್ಲಿ ನಾರು ರಾಶಿ ಬಿದ್ದಿದೆ. ಯಾಕೆ ಬರಲಿಲ್ಲ ಮೇಷ್ಟ್ರೇ?”

“ವಿಚಾರಣೆಗೆ ಬರೋಕೆ ನಾನೇನು ತಪ್ಪು ಮಾಡಿದ್ದೆ ಸ್ವಾಮಿ?”

ಮುಳ್ಳುಹಂದಿ ಒಡೆದ ಮೊಟ್ಟೆಗಳನ್ನೇ ನೋಡುತ್ತ ನಿಂತಿತು. ಅಂದೇ ಫಲಕ ಇಳಿಸಿತು. ಮೇಷ್ಟ್ರಿಗೆ ನಾರು ತಲುಪಿಸಿ, ಆಮೇಲೆ ಮರಮರಕ್ಕೂ ಹೋಗಿ ಎಲ್ಲರ ಕಷ್ಟಸುಖ ವಿಚಾರಿಸತೊಡಗಿತು.