ಕೆಂದನ ಕಂಡಿ

ನೀರಲಹಾಳದ ಎರೆಹೊಲಗಳ ನಡುವೆ ಪೂರ್ವಪಶ್ಚಿಮವಾಗಿ ಒಂದು ಮಣ್ಣಿನ ಒಡ್ಡು ಚಾಚಿಕೊಂಡಿದೆ. ಆಳೆತ್ತರದ ಒಡ್ಡು, ಮೇಲೆಲ್ಲ ಕರಿಕೆ ಹುಲ್ಲು ಬೆಳೆದಿದೆ. ನಡುಮಧ್ಯದಲ್ಲಿ ಮಾತ್ರ ಜೋಡೆತ್ತು ಸಲೀಸಾಗಿ ದಾಟುವಷ್ಟು ಅಗಲದ ಕಂಡಿಯೊಂದಿದೆ. ಪ್ರತಿ ಬೇಸಿಗೆಯಲ್ಲೂ ಊರವರು ಒಡ್ಡಿನ ಉದ್ದಕ್ಕೂ ಮಣ್ಣು ಏರಿಸುತ್ತಾರೆ, ಆ ಕಂಡಿಗೆ ಮಾತ್ರ ಒಂದು ಬುಟ್ಟಿ ಮಣ್ಣನ್ನೂ ಹಾಕುವುದಿಲ್ಲ. ಅದಕ್ಕೆ ಕೆಂದನ ಕಂಡಿ ಎಂದು ಹೆಸರು.

ಹಿಂದೆ ಒಮ್ಮೆ ಈ ಒಡ್ಡಿನ ತೆಂಕಣ ಹೊಲ ಅಡಿವೆಪ್ಪನೆಂಬ ರೈತನದಾಗಿತ್ತು. ಕೆಲಸದಲ್ಲಿ ಗಟ್ಟಿಗ, ಹಟದಲ್ಲಿ ಅದಕ್ಕಿಂತ ಗಟ್ಟಿಗ. ಊರವರೆಲ್ಲ ಒಬ್ಬರ ಹೊಲಕ್ಕೆ ಒಬ್ಬರು ಮುಯ್ಯಾಳಾಗಿ ಹೋಗಿ ದುಡಿದು ಬರುತ್ತಿದ್ದರೆ, ಇವನು ಯಾರ ಹೊಲಕ್ಕೂ ಹೋಗುತ್ತಿರಲಿಲ್ಲ, ಯಾರನ್ನೂ ಕರೆಯುತ್ತಿರಲಿಲ್ಲ. ಅವನು ಚಿಕ್ಕವನಿದ್ದಾಗ ಅವನವ್ವ ಹನ್ನೆರಡು ಮಂದಿ ಮುಯ್ಯಾಳುಗಳಿಗೆಂದು ರೊಟ್ಟಿ ಬಡಿದು ಹೊಲದಲ್ಲಿ ಕಾದಿದ್ದಳಂತೆ. ಯಾರೂ ಬರಲಿಲ್ಲ. ಸಂಜೆ ಅವಳು ಬುಟ್ಟಿಯನ್ನು ಹಾಗೆಯೇ ಹೊತ್ತು ಮನೆಗೆ ಬಂದದ್ದನ್ನು ಅವನು ಮರೆಯಲೇ ಇಲ್ಲ. ಇನ್ನು ಯಾರ ದಾರಿಯನ್ನೂ ಕಾಯುವುದು ಬೇಡವೆಂದು ವರ್ಷವರ್ಷವೂ ಒಡ್ಡು ಏರಿಸುತ್ತ ಬಂದ. ಒಡ್ಡಿನಾಚೆ ತಿರಕವ್ವನ ಹೊಲ. ಗಂಡ ತೀರಿಹೋಗಿ, ಮಾಸನೆಂಬ ಒಂದೇ ಎತ್ತನ್ನು ಇಟ್ಟುಕೊಂಡು ಬದುಕುತ್ತಿದ್ದ ಹೆಂಗಸು ಅವಳು.

ಒಂದು ವರ್ಷ ಹಿಂಗಾರಿ ಬಿತ್ತನೆಯ ಹೊತ್ತಿಗೆ ಸರಿಯಾಗಿ ಅಡಿವೆಪ್ಪನ ಜೋಡಿಯಲ್ಲಿ ಒಂದೆತ್ತು ಸತ್ತಿತು. ಉಳಿದದ್ದು ಕೆಂದ ಮಾತ್ರ. ಮಳೆ ಬಿದ್ದು ನೆಲ ಹದವಾಗಿತ್ತು. ಆ ಹದ ಹೆಚ್ಚೆಂದರೆ ಒಂದು ವಾರ ನಿಲ್ಲುವಂಥದ್ದು. ಅಷ್ಟರೊಳಗೆ ಬೀಜ ನೆಲ ಸೇರದಿದ್ದರೆ ಆ ವರ್ಷ ಮನೆಗೆ ಜೋಳವಿಲ್ಲ. ಅಡಿವೆಪ್ಪ ಯಾರನ್ನೂ ಕೇಳಲಿಲ್ಲ. ನೊಗದ ಒಂದು ಬದಿಗೆ ಕೆಂದನನ್ನು ಕಟ್ಟಿ, ಇನ್ನೊಂದು ಬದಿಗೆ ತಾನೇ ಹೆಗಲು ಕೊಟ್ಟ! ಹೆಂಡತಿ ಸಂಕವ್ವ ಹಿಂದೆ ಬೀಜ ಬಿತ್ತುವ ಕೂರಿಗೆ ಹಿಡಿದಳು. ಮೂರು ದಿನ ಎಳೆದರೂ ಒಂದು ಸಾಲೂ ನೆಟ್ಟಗೆ ಬರಲಿಲ್ಲ. ಆಚೆಯಿಂದ ಮಾಸನ ಕೊರಳಗಂಟೆ ಕೇಳಿದಾಗಲೆಲ್ಲ ಕೆಂದ ಒಡ್ಡಿನ ಕಡೆಗೆ ಜಗ್ಗುತ್ತಿತ್ತು.

“ಎತ್ತಿಗೆ ತಿಳದದ್ದು ನಿಮಗ ತಿಳೀವಲ್ದಲ್ರೀ,” ಎಂದಳು ಸಂಕವ್ವ. ಅವನು ಕೇಳಿಸದವನಂತೆ ಇನ್ನೂ ಬಿರುಸಾಗಿ ಎಳೆದ.

ನಾಲ್ಕನೆಯ ದಿನ ಗಂಟೆ ಕೇಳಿದ್ದೇ ಕೆಂದ ತಡೆದುಕೊಳ್ಳಲಿಲ್ಲ. ಕೂರಿಗೆಯ ಹಗ್ಗ ಹರಿದು, ನೊಗದ ಸಮೇತ ಯಜಮಾನನನ್ನೂ ಎಳೆದುಕೊಂಡು ಒಡ್ಡು ಹತ್ತಿತು. ಹೊಸದಾಗಿ ಏರಿಸಿದ ಹಸಿ ಮಣ್ಣು ಕುಸಿದು ಅಲ್ಲೊಂದು ಕಂಡಿ ಬಿದ್ದಿತು. ಕೆಂದ ಹೋಗಿ ಮಾಸನ ಮೈ ನೆಕ್ಕುತ್ತ ನಿಂತಿತು; ಅಡಿವೆಪ್ಪ ಮೈಯೆಲ್ಲ ಕೆಸರಾಗಿ ತಿರಕವ್ವನ ಬುತ್ತಿಬುಟ್ಟಿಯ ಮುಂದೆ ಬಿದ್ದಿದ್ದ. ಬುಟ್ಟಿಯಲ್ಲಿ ಒಬ್ಬಳಿಗೆ ಮಿಕ್ಕುವಷ್ಟು ರೊಟ್ಟಿಗಳಿದ್ದವು. ಅವನು ಅವನ್ನೇ ನೋಡುತ್ತಿದ್ದುದನ್ನು ಕಂಡು ಅವಳು ತಲೆ ತಗ್ಗಿಸಿದಳು.

“ನಾಕು ದಿವಸಾತು ಅಣ್ಣಾ, ನಿಮ್ಮಿಬ್ಬರ ಪಾಲಿಂದೂ ಬಡಕೊಂಡು ಬರಾಕತ್ತೀನಿ. ಕರ್ಯಾಕ ಧೈರ್ಯ ಸಾಲಲಿಲ್ಲ. ಒಡ್ಡು ಭಾಳ ಎತ್ತರ ಆಗಿತ್ತು ನೋಡ್ರಿ.”

ಅಡಿವೆಪ್ಪನಿಗೆ ಅವ್ವನ ಬುಟ್ಟಿ ನೆನಪಾಯಿತು. ಅಂದು ಅವ್ವನನ್ನು ಕಾಯಿಸಿದವರ ಹಾಗೆಯೇ ತಾನೂ ಒಬ್ಬಳನ್ನು ಕಾಯಿಸಿದೆನಲ್ಲ ಎಂದು ಆ ಗಟ್ಟಿ ಜೀವ ಅತ್ತುಬಿಟ್ಟಿತು. ರೊಟ್ಟಿ ತಿಂದು ಕೈತೊಳೆದ ಮೇಲೆ, “ಮಾಸನ್ನ ಬಿಚ್ಚು ತಂಗೀ, ಮೊದಲು ನಿನ್ನ ಹೊಲಾ ಬಿತ್ತೋಣು,” ಎಂದನಂತೆ. ಕೆಂದ ಮಾಸ ಒಂದೇ ನೊಗಕ್ಕೆ ಬಿದ್ದವು. ಹದ ಆರುವ ಮೊದಲೇ ಎರಡೂ ಹೊಲಗಳ ಬಿತ್ತನೆ ಮುಗಿಯಿತು ಎನ್ನುತ್ತಾರೆ.

ಇಂದಿಗೂ ಬಿತ್ತನೆಯ ಮೊದಲ ದಿನ ಇಲ್ಲಿ ಯಾರೂ ತಮ್ಮದೇ ಜೋಡಿ ಹೂಡುವುದಿಲ್ಲ. ತಮ್ಮದೊಂದು, ನೆರೆಯವರದೊಂದು ಎತ್ತು ಕಟ್ಟಿ ಐದು ಸುತ್ತು ಬರುತ್ತಾರೆ. ಪ್ರತಿ ಮನೆಯಿಂದಲೂ ಎರಡು ರೊಟ್ಟಿ ಹೆಚ್ಚಿಗೆ ತಂದು ಕಂಡಿಯ ಬದಿಯ ಹಾಸುಗಲ್ಲಿನ ಮೇಲಿಡುತ್ತಾರೆ. ನೋಡಲು ಬಂದವರೂ ತಿನ್ನಬಹುದು, ಆದರೆ ಒಬ್ಬರೇ ಕುಳಿತು ತಿನ್ನುವಂತಿಲ್ಲ. ಒಂಟಿಯಾಗಿ ಹೋದವರು ಅಂಜಬೇಕಿಲ್ಲ. ಕುಳಿತ ಸ್ವಲ್ಪ ಹೊತ್ತಿಗೆ ಯಾವುದೋ ಹೊಲದಿಂದ ಯಾರೋ ಒಬ್ಬರು ಕೈ ಕೊಡವಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂರುತ್ತಾರೆ.