ಹದ್ದು ಕಂಡ ಮೂರು ದ್ವೀಪಗಳು

ಕೆರೆಯಲ್ಲಿ ಯಾರ ಕಣ್ಣಿಗೂ ಬೀಳದ ದ್ವೀಪಗಳು ಇನ್ನೂ ಉಳಿದಿವೆ ಎಂದು ಅಲ್ಲಿನ ಜೀವಿಗಳೆಲ್ಲ ಆಗ ನಂಬಿದ್ದವು. ನಂಬದೆ ಏನು ಮಾಡುತ್ತವೆ ಮಕ್ಕಳೇ? ಮಳೆ ನಿಂತ ಮೇಲೆ ಹದ್ದು ಒಂದಲ್ಲ, ಎರಡು ದ್ವೀಪ ಹುಡುಕಿತ್ತು.

ಆ ಕೆರೆಯಲ್ಲೊಂದು ಪದ್ಧತಿ. ದ್ವೀಪವನ್ನು ಮೊದಲು ಕಂಡವರ ಹೆಸರೇ ಅದಕ್ಕೆ. ಮೇಲಿನಿಂದ ಕಂಡರೆ ಸಾಕು, ಇಳಿಯಬೇಕಿಲ್ಲ. ಹೀಗೆ ಮೂಡಣ ದಡದ ಬಳಿ ಹಿರಿ ಹದ್ದುದಿಬ್ಬ, ಕೆರೆಯ ನಡುವೆ ಕಿರಿ ಹದ್ದುದಿಬ್ಬ ಹುಟ್ಟಿಕೊಂಡವು.

ನೀರುಕೋಳಿಗೆ ಹೆಸರಿನ ಗೊಡವೆ ಇರಲಿಲ್ಲ. ಅದಕ್ಕೆ ಮೊಟ್ಟೆ ಇಡಲು ಜಾಗ ಬೇಕಿತ್ತು. ಹೋದ ಸಲ ಪಡುವಣ ದಡದಲ್ಲಿಟ್ಟ ಮೊಟ್ಟೆಗಳನ್ನು ನರಿ ತಿಂದಿತ್ತು. ಕೆರೆಯಲ್ಲಿ ಮೊದಲಿನಿಂದ ಇದ್ದ ಒಂದೇ ದ್ವೀಪದಲ್ಲಿ ಬೆಳ್ಳಕ್ಕಿಗಳು ಕಾಲಿಡಲು ಬಿಡುತ್ತಿರಲಿಲ್ಲ.

"ಮೂರನೆಯದೂ ಸಿಕ್ಕಿತು ಕಣಮ್ಮ" ಎಂದಿತು ಹದ್ದು. "ಮರಿ ಹದ್ದುದಿಬ್ಬ. ಸುತ್ತ ನೀರು. ನರಿ ಬರುವ ಮಾತೇ ಇಲ್ಲ."

"ಹದ್ದಣ್ಣ, ಹಿರಿ ಹದ್ದುದಿಬ್ಬ ಈಗ ಕಾಣುವುದಿಲ್ಲವಲ್ಲ?"

"ಮುಳುಗಿರಬೇಕು."

"ಕಿರಿಯದು?"

"ಅದೂ ಮುಳುಗಿರಬೇಕು. ಹುಡುಕುವುದು ನನ್ನ ಕೆಲಸ. ಸಿಕ್ಕಿದ ಮೇಲೆ ಕಾಯುತ್ತ ಕೂರಲೇ?"

ಬಂಡೆಯ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತಿದ್ದ ಆಮೆ ಒಂದು ಕಣ್ಣು ತೆರೆಯಿತು. "ಇಳಿದು ನೋಡಿದೆಯೇನಪ್ಪ?"

"ಇಳಿದು ನೋಡುವವರು ಎಷ್ಟು ದ್ವೀಪ ಹುಡುಕಿದ್ದಾರೆ, ತಾತ?"

ಆಮೆ ತೆರೆದ ಕಣ್ಣನ್ನು ಮತ್ತೆ ಮುಚ್ಚಿಕೊಂಡಿತು. ತಾನೇ ಈಜಿ ಹೋಗಿ ನೋಡಬಹುದಿತ್ತು. ಬಿಸಿಲು ಹಿತವಾಗಿತ್ತು, ಹೋಗಲಿಲ್ಲ.

ನೀರುಕೋಳಿ ಮರಿ ಹದ್ದುದಿಬ್ಬಕ್ಕೆ ಹೋಗಿ ಗೂಡು ಕಟ್ಟಿತು. ಮೊಟ್ಟೆ ಇಟ್ಟು ಕಾವಿಗೆ ಕೂತಿತು. ಆಗಾಗ ನೆಲ ಅಲುಗಿದಂತೆ ಆಗುತ್ತಿತ್ತು. ಹೆಸರಿರುವ ದ್ವೀಪ ಅಲುಗುವುದುಂಟೇ, ಹಸಿದು ತನಗೇ ತಲೆ ತಿರುಗುತ್ತಿರಬೇಕು ಎಂದುಕೊಂಡಿತು.

ಒಂದು ಮಧ್ಯಾಹ್ನ ಗಾಳಿ ಜೋರಾಯಿತು. ಹಸಿವು ತಡೆಯದೆ ನೀರುಕೋಳಿ ಹುಳ ಹುಡುಕಲು ಹೋಯಿತು. ತಿರುಗಿ ಬಂದಾಗ ಗೂಡಿನ ಪಕ್ಕದಲ್ಲಿ ನರಿ ಬಾಯಿ ನೆಕ್ಕುತ್ತ ಕೂತಿತ್ತು. ಅದರ ಮೈಯಲ್ಲಿ ಒಂದು ಹನಿ ನೀರೂ ಇರಲಿಲ್ಲ.

"ಈಜಿ ಬಂದೆಯಾ?" ನೀರುಕೋಳಿ ಕೇಳಿತು.

"ನನಗೆಲ್ಲಿ ಈಜು ಬರುತ್ತದೆ, ಅಕ್ಕ? ಮನೆ ಬಾಗಿಲಿಗೇ ಬಂತು, ಹತ್ತಿದೆ."

ನೀರುಕೋಳಿ ತಿರುಗಿ ನೋಡಿತು. ದ್ವೀಪ ಪಡುವಣ ದಡಕ್ಕೆ ಅಂಟಿಕೊಂಡು ನಿಂತಿತ್ತು. ಮೇಲೆ ಹದ್ದು ಸುತ್ತುತ್ತಿತ್ತು, ನಾಲ್ಕನೆಯದಕ್ಕಾಗಿ.

ಹದ್ದು ಕಂಡದ್ದು ಮೂರು ದ್ವೀಪಗಳನ್ನಲ್ಲ. ಗಾಳಿ ತಳ್ಳಿದತ್ತ ತೇಲುವ ಒಂದೇ ಜೊಂಡಿನ ರಾಶಿಯನ್ನು.

ನೀತಿ: ದೂರದಿಂದ ಕಂಡದ್ದಕ್ಕೆ ಹೆಸರಿಡುವ ಮೊದಲು, ಅದರ ಅಡಿಯಲ್ಲಿ ನೆಲ ಇದೆಯೇ ಎಂದು ಇಳಿದು ನೋಡಬೇಕು.