ಒಂಟಿ ಅಲಗು ಕಳಿಸಿದ ಕಾಳಿಕಮ್ಮ

ಬಲು ಹಿಂದಿನ ಮಾತು ಕಣ್ರಪ್ಪಾ. ಎಷ್ಟು ಹಿಂದೆ ಅಂತ ಕೇಳಬೇಡಿ, ಹೇಳಿದೋರಿಗೇ ಗೊತ್ತಿರಲಿಲ್ಲ. ಒಂದೂರಲ್ಲಿ, ಅರಳಿಕೊಪ್ಪಲು ಅಂತಿಟ್ಟುಕೊಳ್ಳಿ, ಕಾಳಿಕಮ್ಮ ಅಂತ ಒಬ್ಬಳಿದ್ದಳಂತೆ. ಬಡಗಿ ಮೌನಾಚಾರಿಯ ಹೆಂಡತಿ. ಊರಿಗೆ ಕರೆಂಟು ಬಂದ ಹೊಸತು, ಬಲ್ಬು ಹತ್ತಿದರೆ ಮುದುಕಿಯರು ಎದ್ದು ಕೈಮುಗಿಯೋ ಕಾಲ.

ಮೌನಾಚಾರಿ ಅಂದರೆ ಸುತ್ತ ಹದಿನೆಂಟು ಹಳ್ಳಿಗೆ ಹೆಸರು. ಮರ ನಯ ಮಾಡೋ ಹತ್ತರಿ ಅವನ ಕೈಗೆ ಬಂತು ಅಂದರೆ ಹಲಗೆ ಮೇಲೆ ಇರುವೆ ಕೂಡ ಜಾರಿ ಬೀಳೋದು ಅಂತಾರೆ. ಹತ್ತರಿ ಬಾಯಿಗೆ ಮರದ ಹೊಟ್ಟು ಕಟ್ಟಿಕೊಂಡರೆ ಅವನು ಬಗ್ಗಿ ನೋಡ್ತಿರಲಿಲ್ಲ. ಬೆರಳು ಹಾಕಿ ತಿವಿದು ತೆಗೆದು ಮತ್ತೆ ಹೊಡೀತಿದ್ದ. ಅವನಪ್ಪ ಹಾಗೇ ಮಾಡ್ತಿದ್ದ, ತಾತ ಹಾಗೇ ಮಾಡ್ತಿದ್ದ. ಆ ಮನೆ ಗಂಡಸರ ಬೆರಳಿಗೆ ಕಣ್ಣಿನ ಹಂಗೇ ಇರಲಿಲ್ಲ.

ಅಂಥಾ ಮೌನಾಚಾರಿ ಒಂದು ದಿನ ಪೇಟೆಯಿಂದ ಕರೆಂಟ್ ಹತ್ತರಿ ಹೊತ್ತು ತಂದ. ಅದರ ಹೊಟ್ಟೆಯೊಳಗೆ ಒಂದು ಉರುಳೆ, ಉರುಳೆಯ ಈ ಕಡೆ ಒಂದು ಆ ಕಡೆ ಒಂದು ಅಲಗು. ಬರ್ರೋ ಅಂತ ತಿರುಗಿತು ಅಂದರೆ ಇಡೀ ದಿನದ ಕೆಲಸ ಒಂದು ಗಳಿಗೆಯಲ್ಲಿ ಮುಗೀತು. ಹಿಡಿಯಲ್ಲಿ ಗುಂಡಿ. ಒತ್ತಿ ಹಿಡಿದಷ್ಟು ಹೊತ್ತು ಓಡುತ್ತೆ, ಬಿಟ್ಟರೆ ಕರೆಂಟು ತಪ್ಪುತ್ತೆ. ಬೆರಳು ಸೋಲುತ್ತೆ ಅಂತ ಈ ಮಹಾರಾಯ ಆ ಗುಂಡಿಯನ್ನ ಸೆಣಬಿನ ದಾರದಲ್ಲಿ ಬಿಗಿದು ಕಟ್ಟಿಬಿಟ್ಟ! ಹಾಕೋದು ಆರಿಸೋದು ಎಲ್ಲ ಗೋಡೆ ಸ್ವಿಚ್ಚಲ್ಲಿ. ಸ್ವಿಚ್ಚಿನ ಹತ್ತಿರ ಕಾಳಿಕಮ್ಮ. ಅವನು ತಲೆ ಆಡಿಸಿದರೆ ಹಾಕೋಳು, ಕೈ ಎತ್ತಿದರೆ ಆರಿಸೋಳು. ಗಂಡ ಹೆಂಡತಿ ಮಾತಿಲ್ಲದೆ ಹಾಗೆ ಕೆಲಸ ಮಾಡೋದನ್ನ ನೋಡೋಕೇ ಜನ ಬೀದಿಯಲ್ಲಿ ನಿಲ್ಲೋರಂತೆ. ಮಕ್ಕಳಿರಲಿಲ್ಲ, ಆದರೂ ಸುಖವಾಗಿದ್ದರು.

ಒಂದು ದಿನ ಹಸಿ ಹಲಸಿನ ಹಲಗೆ. ಹೊಟ್ಟು ಉಗುಳೋ ಬಾಯಿ ಕಟ್ಟಿಕೊಂಡಿತು. ಮೌನಾಚಾರಿ ಕೈ ಎತ್ತಿದ, ಅವಳು ಆರಿಸಿದಳು. ಸದ್ದು ಇಳೀತು. ನಿಂತ್ತಾ ಅಂತ ಅವನು ಹಲಗೆ ಕಡೆ ನೋಡ್ತಾನೇ ಕೇಳಿದ. ನಿಂತ್ತು ಅಂದಳು. ಅಯ್ಯೋ ಶಿವನೇ, ನಿಂತಿದ್ದು ಸದ್ದು. ಉರುಳೆ ನಿಂತಿರಲಿಲ್ಲ. ಕರೆಂಟು ಹೋದ ಮೇಲೂ ಅದು ಬಾಯಿ ಮುಚ್ಚಿಕೊಂಡು ಇನ್ನೂ ಎಷ್ಟೋ ಸುತ್ತು ತಿರುಗುತ್ತೆ ಅನ್ನೋದು ಇಬ್ಬರಿಗೂ ಗೊತ್ತಿರಲಿಲ್ಲ. ಅಪ್ಪ ತಾತ ಹಾಕಿದ ಹಾಗೇ ಇವನೂ ಬೆರಳು ಹಾಕಿದ. ಬಲಗೈಯ ಎರಡು ಬೆರಳು ಹೊಟ್ಟಿನ ಜೊತೆ ಹೋದವು.

ಅವನು ಅವಳನ್ನ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಅವಳು ಬದುಕಿಕೊಳ್ತಿದ್ದಳು ಅಂತಾರೆ. ಊಟಕ್ಕೆ ಬಡಿಸುವಾಗ ಆ ಕೈ ಕಂಡರೆ ಅವಳಿಗೆ ಅಳು ಒತ್ತರಿಸಿಕೊಂಡು ಬರೋದು. ಅವಳು ಅತ್ತರೆ ಅವನು ಕೈಯನ್ನ ಟವಲ್ಲಿನಲ್ಲಿ ಮುಚ್ಚಿಕೊಳ್ಳೋನು. ಅವನು ಮುಚ್ಚಿಕೊಂಡರೆ ಅವಳಿಗೆ ಇನ್ನೂ ಅಳು. ಹೀಗೇ ಆರು ತಿಂಗಳು. ಒಂದು ಬೆಳಿಗ್ಗೆ ಮೌನಾಚಾರಿ ಸಂತೆಗೆ ಅಂತ ಹೋದ. ಸಂಜೆ ಆಯಿತು, ಬರಲಿಲ್ಲ. ಆ ವಾರ ಬರಲಿಲ್ಲ. ಆ ವರ್ಷವೂ ಬರಲಿಲ್ಲ.

ಕಾಳಿಕಮ್ಮ ಏನು ಮಾಡಿದಳು? ಮೂರು ದಿನ ಅತ್ತಳು. ನಾಲ್ಕನೇ ದಿನ ಎದ್ದು, ಗುಂಡಿಗೆ ಕಟ್ಟಿದ್ದ ದಾರವನ್ನ ಕುಡುಗೋಲಲ್ಲಿ ಕುಯ್ದು ಒಲೆಗೆ ಹಾಕಿದಳು. ಅರ್ಧ ಆಗಿದ್ದ ಮದುವೆ ಮಂಚ ಒಂದು ಅಲ್ಲೇ ಬಿದ್ದಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಡೆ ಎತ್ತಿ ಗಂಟು ಹಾಕಿ, ತಾನೇ ಹತ್ತರಿ ಹಿಡಿದಳು. ಗಾಜಿನ ಬಳೆ ಮಿಷನ್ನಿಗೆ ತಾಗೀತು ಅಂತ ಮೊಣಕೈವರೆಗೆ ತಳ್ಳಿ ಬಟ್ಟೆ ಸುತ್ತಿದಳು. ಊರ ಬಾಯಿ ಸುಮ್ಮನಿರುತ್ತಾ? ಗಂಡ ಬದುಕಿರುವಾಗಲೇ ಬಳೆ ತೆಗೆದಳು ನೋಡಿ ಅಂದರು. ತೆಗೆದಿಲ್ಲ ಕಣ್ರೇ, ಒಳಗಿದಾವೆ, ಎಣಿಸ್ಕೊಳ್ಳಿ ಬನ್ನಿ ಅಂತ ಅವಳು ಬಟ್ಟೆ ಬಿಚ್ಚಿ ತೋರಿಸೋಳಂತೆ.

ಆಮೇಲೆ ಅವಳ ಹೆಸರು ಹಬ್ಬಿದ್ದು ಹೇಗೆ ಅಂತೀರಿ! ಹಳೇ ಮನೆ ತೊಲೆ ತಂದರೆ ಅದಕ್ಕೆ ಕಿವಿ ಇಟ್ಟು, ಇಲ್ಲೊಂದು ಮೊಳೆ ಇದೆ, ಅಲ್ಲೊಂದು ಮುರಿದಿದೆ ಅನ್ನೋಳಂತೆ. ಕಿತ್ತು ನೋಡಿದರೆ ಇರೋದಂತೆ. ವೈರನ್ನ ಹೆಗಲ ಮೇಲಿಂದ ಹಿಂದಕ್ಕೆ ಬಿಟ್ಟುಕೊಂಡು ಹಲಗೆ ಪಕ್ಕ ನಡೆದಳು ಅಂದರೆ ಸಾಕಿದ ಕರು ಹಿಂದೆ ಬರೋ ಹಾಗೆ ಅದು ಬರೋದಂತೆ. ದೂರದ ಬಡಗಿಗಳು ನೋಡೋಕೆ ಬರೋರು. ಒಂದೇ ಏಟಿಗೆ ಆಳ ಕಚ್ಚಿಸೋರಿಗೆ, ಅನ್ನ ಗಬಗಬ ತಿಂದರೆ ನೆತ್ತಿಗೇರುತ್ತೆ, ಕಾಗದದಷ್ಟು ಕಾಗದದಷ್ಟು ತಗೊಳ್ಳಯ್ಯ ಅನ್ನೋಳು. ಗುಂಡಿಗೆ ದಾರ ಕಟ್ಟಿದೋನು ಸಿಕ್ಕಿದರೆ ಮಾತ್ರ ಮುಗೀತು. ಅವನ ಏಳು ತಲೆಮಾರು ಎತ್ತಿ ಬೈಯೋಳು.

ಅವಳ ಒಂದು ಪದ್ಧತಿ ಮಾತ್ರ ಯಾರಿಗೂ ಅರ್ಥ ಆಗ್ತಿರಲಿಲ್ಲ. ಗುಂಡಿ ಬಿಟ್ಟ ಮೇಲೆ ಹತ್ತರಿಯನ್ನ ಎರಡು ಕೈಯಲ್ಲೂ ಹಿಡಿದೇ, ಬೀದಿ ಕಡೆ ತಿರುಗಿ, ತುಟಿಯಲ್ಲೇ ಏನೋ ಅನ್ನೋಳು. ಗಂಡನ ಹೆಸರು ಹೇಳೋ ಪದ ಅದು. ಹೆಂಡತಿಯಾದವಳು ಗಂಡನ ಹೆಸರು ಸುಮ್ಮನೆ ಎತ್ತೋ ಹಾಗಿಲ್ಲ, ಹಾಡು ಕಟ್ಟಿ ಹೇಳಬೇಕು. ಮದುವೆ ದಿನ ಹೊಸಲಲ್ಲಿ ನಿಲ್ಲಿಸಿ ಹೇಳಿಸಿದ್ದನ್ನೇ ಅವಳು ಹೇಳ್ತಿದ್ದದ್ದು.

“ಹೊನ್ನೆ ಮರದ ಹಲಗೆ, ಹೊಸಲಿಗಿಟ್ಟೆ ಮಲ್ಲಿಗೆ, ದೀಪ ಹಚ್ಚೋ ವೇಳೆಗೆ ಮೌನಾಚಾರ್ರು ಬರಲಿ ಒಳಗೆ.”

ಮದುವೇಲಿ ಬಂದರು ಒಳಗೆ ಅಂದಿದ್ದಳು. ಈಗ ಬರಲಿ ಒಳಗೆ ಅಂತಿದ್ದಳು. ಒಂದು ಸಲ ನಿಧಾನಕ್ಕೆ ಹೇಳಿ ಮುಗಿಸೋದಕ್ಕೂ ಉರುಳೆ ನಿಲ್ಲೋದಕ್ಕೂ ಸರಿಹೋಗೋದು. ಆಮೇಲೂ ಪ್ಲಗ್ಗು ಕಿತ್ತು, ಕಣ್ಣಾರೆ ನೋಡಿ, ಅದಾದ ಮೇಲೇ ಕಡ್ಡೀಲಿ ಹೊಟ್ಟು ತೆಗೆಯೋಳು. ಬೆರಳು ಹಾಕ್ತಿರಲಿಲ್ಲ. ದಿನಕ್ಕೆ ಐವತ್ತು ಸಲ ಆರಿಸಿದರೆ ಐವತ್ತು ಸಲ ಅವನನ್ನ ಕರೆಯೋಳು ಅಂತಾರೆ.

ಊರಿಗೆ ತಿಂಗಳಿಗೊಂದು ಸಲ ಸಾಣೆ ಹಿಡಿಯೋ ದಸ್ತಗೀರ್ ಸಾಬರು ಬರೋರು. ಕತ್ತಿ ಕುಡುಗೋಲು ಅಲ್ಲೇ ಮಸೀತಿದ್ದರು. ಹತ್ತರಿ ಅಲಗಿಗೆ ಮಾತ್ರ ಬೇರೆ ಕಲ್ಲು ಬೇಕು ಅಂತ ಬೇರೆ ಊರಿಗೆ ತಗೊಂಡು ಹೋಗಿ ಮುಂದಿನ ತಿಂಗಳು ತರೋರು, ಅಲ್ಲೀವರೆಗೆ ಇನ್ನೊಂದು ಜೊತೆಯಲ್ಲಿ ಕೆಲಸ ನಡೆಯೋದು. ಒಂದು ಸಲ ಅಲಗು ಬಂತು. ಕಾಳಿಕಮ್ಮ ಬಟ್ಟೆ ಬಿಚ್ಚಿ ಬೆಳಕಿಗೆ ಹಿಡಿದಳು. ಹಿಡಿದ ಕೈ ಹಾಗೇ ನಿಂತಿತು. ಅಲಗಿನ ಎರಡು ಮೂಲೆಯನ್ನ ಯಾರೋ ಕೂದಲೆಳೆಯಷ್ಟು ಉಂಡೆ ಮಾಡಿದ್ದರು. ಹಾಗೆ ಮಾಡಿದರೆ ಹಲಗೆ ಮೇಲೆ ಗೆರೆ ಬೀಳಲ್ಲ. ಆ ಸೀಮೆಯಲ್ಲಿ ಆ ಉಪಾಯ ಒಬ್ಬನಿಗೇ ಗೊತ್ತಿದ್ದದ್ದು.

ಸಾಬರನ್ನ ಅಲ್ಲೇ ಕೂರಿಸಿದಳು. ಮಜ್ಜಿಗೆ ಕೊಟ್ಟಳು, ಆಮೇಲೆ ಇದನ್ನ ಮಸೆದೋರು ಎಲ್ಲಿದಾರೆ ಹೇಳಿ ಅಂತ ಪಟ್ಟು ಹಿಡಿದಳು. ಸಾಬರು ಪಾಪ ಕಣ್ಣಲ್ಲಿ ನೀರು ಹಾಕಿಕೊಂಡರಂತೆ. ಆ ಮನುಷ್ಯ ನನ್ನ ಕೈಲಿ ಆಣೆ ಹಾಕಿಸಿದಾನಮ್ಮ, ಊರು ಕೇಳಬೇಡಿ, ನೀವು ಹುಡುಕಿಕೊಂಡು ಬಂದರೆ ಇನ್ನೂ ಮುಂದಕ್ಕೆ ಹೋಗ್ತೀನಿ ಅಂದಿದಾನೆ ಅಂದರು. ಕಾಳಿಕಮ್ಮ ಮತ್ತೆ ಕೇಳಲಿಲ್ಲ. ಆದರೆ ಅವತ್ತಿಂದ ಅಲಗು ಮೊಂಡಾಗಲಿ ಬಿಡಲಿ, ತಿಂಗಳು ತಿಂಗಳು ಕಳಿಸೋಕೆ ಶುರು ಮಾಡಿದಳು. ಎಣ್ಣೆ ಸವರಿ, ಬಟ್ಟೆ ಸುತ್ತಿ ಕಳಿಸೋಳು. ಅಲ್ಲಿಂದ ಎಣ್ಣೆ ಸವರಿ, ಬಟ್ಟೆ ಸುತ್ತಿ ಬರೋದು. ಕಾಗದ ಇಲ್ಲ, ಮಾತಿಲ್ಲ. ಬಂದ ಬಟ್ಟೆಯನ್ನ ಮೂಸಿ ಮೂಸಿ ನೋಡೋಳಂತೆ. ಎಷ್ಟು ವರ್ಷ? ಏಳು ಅನ್ನೋರಿದಾರೆ, ಹನ್ನೊಂದು ಅನ್ನೋರಿದಾರೆ. ಮಸೆದು ಮಸೆದು ಎಷ್ಟು ಜೊತೆ ಅಲಗು ಸವೆದವೋ. ಹೊಸದನ್ನ ತರೋಳು, ಅದನ್ನೂ ಕಳಿಸೋಳು. ಬದುಕಿದಾರೆ, ಆದರೆ ನನಗಿಲ್ಲ, ಅನ್ನೋ ಸಂಕಟ ಇದೆಯಲ್ಲ, ಅದು ಸತ್ತ ಸುದ್ದಿಗಿಂತ ಕಡೆ ಕಣ್ರಪ್ಪಾ.

ಕೊನೆಗೊಂದು ತಿಂಗಳು, ಮನೇಲಿ ಒಂದೇ ಜೊತೆ ಉಳಿದಿತ್ತು, ಸಾಬರು ಬಂದಾಗ ಅವಳು ಅದರಲ್ಲಿ ಒಂದೇ ಅಲಗು ಕೊಟ್ಟಳು. ಸಾಬರು ಬಟ್ಟೆ ಬಿಚ್ಚಿ ನೋಡಿ, ಇದರ ಜೋಡಿ ಎಲ್ಲಮ್ಮ ಅಂದರು. ಅದು ಮಿಷನ್ನಲ್ಲೇ ಇದೆ, ಒಂದರಲ್ಲೇ ಓಡಿಸ್ಕೊಂಡಿದಾಳೆ ಅಂತ ಅವರಿಗೆ ಹೇಳಿ ಅಂದಳು. ಕಸುಬಿನೋರಿಗೆ ಗೊತ್ತು, ಆ ಎರಡು ಅಲಗು ಒಟ್ಟಿಗೇ ಮಸೀಬೇಕು, ಒಟ್ಟಿಗೇ ಕೂರಬೇಕು, ತೂಕ ಎಳ್ಳಷ್ಟು ಹೆಚ್ಚುಕಮ್ಮಿ ಆಗಬಾರದು. ಒಂದೇ ಅಲಗು ಹಾಕಿ ತಿರುಗಿಸಿದರೆ ಮಿಷನ್ನು ಮೈಮೇಲೆ ದೇವರು ಬಂದ ಹಾಗೆ ಕುಣಿಯುತ್ತೆ. ಕುಣಿದು ಕುಣಿದು ಅಲಗು ಕಿತ್ತು ಎದೆಗೆ ಹಾರಿದರೂ ಹಾರಿತು. ಯಾ ಅಲ್ಲಾ, ಬೇಡ ತಾಯಿ ಅಂತ ಸಾಬರು ಕೈಮುಗಿದರು. ಅವಳು ಜಗ್ಗಲಿಲ್ಲ. ಇದಕ್ಕೂ ಬರದೇ ಹೋದರೆ ಅವರು ನನ್ನ ಪಾಲಿಗಿಲ್ಲ ಅಂತ ತಿಳೀತೀನಿ ಸಾಬ್ರೇ, ಆಮೇಲೆ ಅಲಗೂ ಕಳಿಸಲ್ಲ, ಕರೆಯೋದೂ ಇಲ್ಲ ಅಂದಳು.

ಸಾಬರು ಹೋದರು. ಕಾಳಿಕಮ್ಮ ಮಿಷನ್ನನ್ನ ಮೂಲೆಗಿಟ್ಟು ಬಾಗಿಲಲ್ಲಿ ಕೂತಳು. ಒಂದು ದಿನ, ಎರಡು ದಿನ, ವಾರ. ಕೆಲಸ ತಗೊಂಡು ಬಂದೋರಿಗೆ ನಾಳೆ ಬನ್ನಿ ಅಂದಳು. ಎಂಥಾ ಹುಚ್ಚು ಕೆಲಸ ಮಾಡಿದೆ, ಇದ್ದ ಒಂದು ಎಳೆಯನ್ನೂ ನಾನೇ ಕತ್ತರಿಸಿಕೊಂಡೆ ಅಂತ ತಲೆ ಚಚ್ಚಿಕೊಂಡಳು.

ಒಂಬತ್ತನೇ ದಿನ ನಡುಮಧ್ಯಾಹ್ನ. ಊರ ಹೆಬ್ಬಾಗಿಲಿಂದಲೇ ಒಬ್ಬ ಕೂಗಿಕೊಂಡು ಓಡಿಬಂದ. ಗಡ್ಡ ನೆರೆತಿದೆ, ಕಾಲಲ್ಲಿ ಚಪ್ಪಲಿ ಇಲ್ಲ.

“ಸ್ವಿಚ್ ಹಾಕಬೇಡ! ಏಯ್, ಸ್ವಿಚ್ ಹಾಕಬೇಡವೇ!”

ಅಷ್ಟು ವರ್ಷ ಆದ ಮೇಲೆ ಗಂಡ ಹೆಂಡತಿಗೆ ಆಡಿದ ಮೊದಲ ಮಾತು ಅದೇ ಅಂತಾರೆ. ನೆಟ್ಟಗೆ ಒಳಗೆ ನುಗ್ಗಿ, ಗೋಡೆ ನೋಡಿದ, ಪ್ಲಗ್ಗು ಕಿತ್ತಿತ್ತು. ಮಿಷನ್ನು ಮಗುಚಿ ನೋಡಿದ. ಉರುಳೆ ಖಾಲಿ. ಒಂದು ಅಲಗೂ ಇರಲಿಲ್ಲ. ಕಾಳಿಕಮ್ಮ ರಾಗಿ ಗುಡಾಣಕ್ಕೆ ಕೈ ಹಾಕಿ, ಬಟ್ಟೇಲಿ ಸುತ್ತಿದ್ದ ಇನ್ನೊಂದು ಅಲಗು ತೆಗೆದು ಅವನ ಮುಂದಿಟ್ಟಳು. ಮೌನಾಚಾರಿ ಅದನ್ನ ನೋಡಿದ, ಅವಳನ್ನ ನೋಡಿದ, ಹೊಟ್ಟಿನ ರಾಶಿ ಮೇಲೇ ಕೂತ.

ಆಗ ಅವಳು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನ ಹೇಳಿದಳು. “ನಿಂತಿರಲಿಲ್ಲ ಕಣ್ರೀ. ನಾನು ನೋಡದೆ ನಿಂತ್ತು ಅಂದುಬಿಟ್ಟೆ.”

“ನೋಡದೆ ಕೈ ಹಾಕಿದೋನು ಯಾರು? ನಾನಲ್ವಾ?” ಅಂದ ಅವನು. “ಬೆರಳು ಹೋಗಿದ್ದಕ್ಕೆ ಹೋಗಲಿಲ್ಲ ಕಾಳಿ. ನೀನು ಅಳೋದು ನೋಡೋಕಾಗದೆ ಹೋದೆ.”

ಅವತ್ತು ಅವಳು ಮುದ್ದೆ ಬಡಿಸಿದಳು. ಅವನು ಟವಲ್ಲಿಲ್ಲದೆ ಮೂರು ಬೆರಳಲ್ಲೇ ಮುರಿದು ಉಂಡ. ಅವಳು ಆ ಕೈಯನ್ನೇ ನೋಡಿದಳು. ಅಳಲಿಲ್ಲ, ಇನ್ನೊಂದು ಮುದ್ದೆ ಇಟ್ಟಳು.

ಆಮೇಲೆ ಅವನು ಎಲ್ಲಿಗೂ ಹೋಗಲಿಲ್ಲ ಅಂತಾರೆ. ಅಲಗು ಮಸೆಯೋದು, ಜೋಡಿ ಸರಿಯಾಗಿ ಕೂರಿಸೋದು ಅವನ ಪಾಲು, ಹತ್ತರಿ ಹೊಡೆಯೋದು ಅವಳ ಪಾಲು. ಗುಂಡಿ ಬಿಟ್ಟಾಗ ಅವಳು ಹಳೇ ರೂಢಿಯಂತೆ ಬೀದಿ ಕಡೆ ತಿರುಗಿ ಪದ ಹೇಳಿದರೆ, ಇಲ್ಲೇ ಕೂತಿದೀನಲ್ಲೇ, ಇನ್ಯಾವ ಮೌನಾಚಾರೀನ ಕರೀತೀಯ ಅಂತ ರೇಗಿಸೋನಂತೆ. ಅವಳು ನಗೋಳು, ಆದರೆ ಹೇಳೋದು ಬಿಡಲಿಲ್ಲ. ಹೋದ ವರ್ಷಗಳನ್ನ ಎಷ್ಟು ಕರೆದರೂ ಸಾಲದು ಅನ್ನೋಳಂತೆ.

ಇಬ್ಬರೂ ಮಣ್ಣಾಗಿ ಯಾವ ಕಾಲವಾಯಿತೋ. ಆ ಸೀಮೆ ಬಡಗಿಗಳು ಈಗಲೂ ಗುಂಡಿ ಬಿಟ್ಟ ಮೇಲೆ ಆ ಪದ ಹೇಳಿ ಮುಗಿಸದೆ ಮಿಷನ್ನಿಗೆ ಕೈ ಹಾಕಲ್ಲ. ಇನ್ನೊಂದು ಪದ್ಧತಿಯೂ ಇದೆ. ಮನೆಯೋರು ಯಾರಾದರೂ ದೂರ ಹೋಗಿ, ಬದುಕಿದ್ದೂ ಬಾರದೇ ಹೋದರೆ, ಕಾಗದ ಬರೆಯಲ್ಲ, ಆಳು ಅಟ್ಟಲ್ಲ. ಜೋಡಿ ಇರೋದರಲ್ಲಿ ಒಂದನ್ನ ಕಳಿಸ್ತಾರೆ. ಒಂದು ಓಲೆ, ಒಂದು ಕಾಲುಗೆಜ್ಜೆ, ಏನೂ ಇಲ್ಲದೋರು ಒಂದು ಚಪ್ಪಲಿ. ಅದನ್ನ ಹಿಡಿದುಕೊಂಡು ಬಂದೋರೂ ಇದಾರೆ, ಬಾರದೋರೂ ಇದಾರೆ. ಬಾರದೋರ ಮನೇಲಿ ಉಳಿದ ಒಂದನ್ನ ಯಾರೂ ಮಾರಲ್ಲ, ಕರಗಿಸಲ್ಲ, ಎಸೆಯಲ್ಲ. ಇನ್ನೊಂದೆಲ್ಲಿ ಅಂತ ಕೇಳಿದರೆ, ದಾರೀಲಿದೆ, ಬರುತ್ತೆ ಅಂತಾರೆ.